ಆಕಾಶಕ್ಕೆ ಗುಳ್ಳೆ ಎದ್ದಾಗ

ತಡವಾಗಿ ಓದಿದವರ ಕಷ್ಟವೇ ಬೇರೆ. ಚಿಕ್ಕ ವಯಸ್ಸಿನಲ್ಲಿ ಓದಿದವರು ಕಲಿತದ್ದನ್ನು ಮರೆತು ಹಾಯಾಗಿರುತ್ತಾರೆ. ನಮ್ಮಂಥವರಿಗೆ ಕಲಿತದ್ದನ್ನು ಯಾರ ಕಿವಿಗಾದರೂ ಸುರಿಯದೆ ಊಟ ಇಳಿಯುವುದಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನನ್ನ ಮಗಳು ಏಳನೇ ಕ್ಲಾಸು. ಗುಂಡ್ಲುಪೇಟೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡಿದ್ದವನು ಅದೇ ಹುರುಪಿನಲ್ಲಿ ಹ್ಯಾಮ್ ರೇಡಿಯೋ ಪರೀಕ್ಷೆಗೂ ಕೂತೆ. ಸರ್ಕಾರದ ಲೈಸೆನ್ಸ್ ಪಡೆದು, ಮನೆಯ ಮೇಲೆ ತಂತಿ ಕಟ್ಟಿ, ಊರೂರಿನವರ ಜೊತೆ ಮಾತಾಡುವ ಹವ್ಯಾಸ ಅದು. ಈ ಹುಚ್ಚು ಹಿಡಿಸಿದವನು ಚಾಮರಾಜನಗರದ ಗೆಳೆಯ ಗುರುಸ್ವಾಮಿ. ಮೈಕ್ ಹಿಡಿದನೆಂದರೆ ಬೇರೆಯವರಿಗೆ ಬಿಡುತ್ತಿರಲಿಲ್ಲ.

ಅವನ ನಾಲಿಗೆಯನ್ನೇ ಮೈಸೂರಿನಲ್ಲಿ ತೆಗೆದುಹಾಕಿದರು. ಎಲೆಯಡಿಕೆ, ಹೊಗೆಸೊಪ್ಪು, ಬಾಯಲ್ಲೊಂದು ಹುಣ್ಣು, ಆಮೇಲೆ ಡಾಕ್ಟರು ಅದಕ್ಕೆ ಇಟ್ಟ ಹೆಸರು. ಊರಿಗೆ ಬಂದವನು ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತ. ನೋಡಲು ಬಂದವರನ್ನೆಲ್ಲ ಕೈಸನ್ನೆಯಲ್ಲೇ ವಾಪಸ್ ಕಳಿಸಿದ. ಅವನಿಗೆ ಉಳಿದದ್ದು ಮೋರ್ಸ್, ಅಂದರೆ ಕೀಲಿ ಕುಟ್ಟಿ ಚುಕ್ಕೆ ಗೆರೆಯ ಸದ್ದಿನಲ್ಲಿ ಅಕ್ಷರ ಕಳಿಸುವ ವಿದ್ಯೆ. ಹಗಲೆಲ್ಲ ನನಗೆ ಅಂಗಡಿ, ಆದ್ದರಿಂದ ಹೊತ್ತು ಮುಳುಗಿದ ಮೇಲೆ ನಮ್ಮ ಮಾತು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಬೇಕು, ದೀರ್ಘವೂ ಇಲ್ಲ, ಒತ್ತೂ ಇಲ್ಲ. ಆಪರೇಷನ್ ಆದ ಮೇಲೆ ಅವನು ಕುಟ್ಟಿದ ಮೊದಲ ಮಾತು, ‘ಏನ್ಲಾ ಎಮ್ಮೆ, ನೀನ್ ಎಲ್ಡಕ್ಷರ ಕುಟ್ಟೋಷ್ಟ್ರಲ್ಲಿ ನಂಗೆ ನಿದ್ದೆ ಬತ್ತದೆ.’ ನನಗೆ ಎಷ್ಟು ಸಂತೋಷವಾಯಿತೆಂದರೆ, ಅವನಿಗೆ ಏನೂ ಆಗಿಲ್ಲ ಅನ್ನಿಸಿಬಿಟ್ಟಿತು.

ನನ್ನ ಹೆಂಡತಿಗೆ ಮಾತ್ರ ಸಂತೋಷವಿರಲಿಲ್ಲ. “ನನ್ಜೊತೆ ಎಲ್ಡು ಮಾತಾಡಿ ಅಂದ್ರೆ ಬಾಯೇ ಇಲ್ಲ. ಅಲ್ಲಿ ಕೂತ್ಕಂಡು ಅದೇನ್ ಕುಟ್ಟೀರೋ.”

ಇದೆಲ್ಲದರ ನಡುವೆ ಆಕಾಶ ಕೈಕೊಟ್ಟಿತು. ಸಿಗ್ನಲ್ ಮೇಲಕ್ಕೆ ಹೋಗಿ, ಅಲ್ಲಿರುವ ಕರೆಂಟಿನ ಪದರಕ್ಕೆ ಬಡಿದು, ಕೆಳಕ್ಕೆ ಇಳಿಯಬೇಕು. ಭೂಮಿಯ ನಡುಗೆರೆಗೆ ಹತ್ತಿರವಿರುವ ನಮ್ಮ ಕಡೆ, ಸೂರ್ಯ ಮುಳುಗುತ್ತಲೇ ಆ ಪದರ ಮೇಲೇಳುತ್ತದೆ. ಆಗ ಅದರ ಅಡಿಯಿಂದ ಗುಳ್ಳೆಗಳು ಎದ್ದು, ಪದರವನ್ನೆಲ್ಲ ಹರಿದುಹಾಕುತ್ತವೆ. ಆ ವರ್ಷ ಸೂರ್ಯನ ಅಬ್ಬರವೂ ಜಾಸ್ತಿ, ಗುಳ್ಳೆ ಹೆಚ್ಚಾಗಿ ಏಳುವ ಮಾರ್ಚ್ ತಿಂಗಳು ಬೇರೆ. ಪುಸ್ತಕದಲ್ಲಿ ಇದನ್ನು ಓದಿದ ಮೇಲೆ, ನಮ್ಮ ಜೊತೆಗೇ ಇದ್ದ ಅತ್ತೆಗೆ ಹೇಳದೆ ಇರಲಾಗಲಿಲ್ಲ. “ರಾಗಿಹಿಟ್ಟು ಕುದಿವಾಗ ತಳದಿಂದ ಬುಳುಕ್ ಅಂತ ಗುಳ್ಳೆ ಏಳಲ್ವಾ ಅತ್ತೆ, ಹಂಗೆ ಆಕಾಶ್ದಲ್ಲೂ ಏಳ್ತದೆ.”

ಅತ್ತೆ ಯೋಚಿಸಿ, “ಗುಳ್ಳೆ ಎದ್ದದೆ ಅಂದ್ರೆ ಅಮ್ಮ ಬಂದವ್ಳೆ ಕಣಪ್ಪ” ಎಂದರು. ಮಾರನೇ ದಿನ ನನ್ನ ಆಂಟೆನಾ ಕಂಬದಲ್ಲಿ ಬೇವಿನಸೊಪ್ಪು ತೂಗಾಡುತ್ತಿತ್ತು. ನಾನು ಬಿಚ್ಚಲಿಲ್ಲ. ನನ್ನ ಪುಸ್ತಕದಲ್ಲೂ ಅದಕ್ಕಿಂತ ಒಳ್ಳೆಯ ಔಷಧಿ ಬರೆದಿರಲಿಲ್ಲ.

ಆಪರೇಷನ್ ಆದರೂ ಗುರುಸ್ವಾಮಿಗೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸುವುದು ಬಾಕಿಯಿತ್ತು. ಸೋಮವಾರ ಮೈಸೂರಿಗೆ ಹೊರಡಬೇಕು, ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಶನಿವಾರ ಸಂಜೆ ಅವನು ಏನೋ ಕುಟ್ಟಿದ. ನನಗೆ ಕೇಳಿಸಿದ್ದು ಒಗ್ಗರಣೆಗೆ ಬಿದ್ದ ಸಾಸಿವೆಯ ಸದ್ದು. ತಿರುಗಾ ಹೇಳು ಎಂದೆ. ಅವನು ತಾಳ್ಮೆಯಿಂದ ಮತ್ತೆ ಮತ್ತೆ ಕುಟ್ಟಿದ. ಕೊನೆಗೆ ಒಂದೇ ಒಂದು ಪದ ಕೈಗೆ ಸಿಕ್ಕಿತು: ‘ಸಾಕು’. ಆಮೇಲೆ ಬರೀ ಗುಳ್ಳೆ.

ಬೆಳಗ್ಗೆ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸು ಹತ್ತಿದೆ. ಸಾಕು ಅಂದರೆ ಏನರ್ಥ? ಕರೆಂಟ್ ಬೇಡ ಅಂತಲೇ? ಬದುಕೇ ಬೇಡ ಅಂತಲೇ? ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಬುದ್ಧಿಮಾತನ್ನು ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂತಿದ್ದವನು ಎದ್ದು ಬೇರೆ ಸೀಟಿಗೆ ಹೋದ.

ಗುರುಸ್ವಾಮಿಯ ಹೆಂಡತಿ ಮಾದೇವಿ ಬಾಗಿಲಲ್ಲೇ ಸಿಕ್ಕಳು. ವಿಷಯ ಕೇಳಿ ನಕ್ಕುಬಿಟ್ಟಳು. “ಅಯ್ಯೋ ಅಣ್ಣ, ಬರೀ ಸಾಕು ಕೇಳುಸ್ಕಂಡ್ರಾ? ‘ನಾಯಿ ಸಾಕು’ ಅಂದವ್ರೆ. ನಾವು ಮೈಸೂರ್ಗೆ ಓದ್ರೆ ಇದ್ಕೆ ಇಟ್ಟಾಕೋರು ಯಾರು? ನೀವ್ ಸಾಕ್ಬೇಕಂತೆ.”

ಒಳಗೆ ಗುರುಸ್ವಾಮಿ ಕೂತಿದ್ದ ಮಂಚದ ಕೆಳಗಿಂದ ಒಂದು ಕರಿನಾಯಿ ನನ್ನನ್ನು ನೋಡಿ ಗುರ್ ಎಂದಿತು. ನಾಯಿ ಕಂಡರೆ ನನಗೆ ಮೊದಲಿನಿಂದಲೂ ಭಯ. ಆದರೂ ಆವತ್ತು ಅದನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. “ಇಷ್ಟೇ ತಾನೇ. ನೀನು ಕರೆಂಟ್ ಕೊಡುಸ್ಕಂಡು ಬರೋಗಂಟ ನಾನ್ ಸಾಕ್ತೀನಿ ಬುಡ್ಲಾ” ಎಂದೆ. ಮಾದೇವಿ ಟೀ ಕಾಯಿಸಲು ಒಳಗೆ ಹೋದಳು.

ಅವಳು ಹೋದ ಮೇಲೆ ಗುರುಸ್ವಾಮಿ ಟವೆಲ್ ಸರಿಮಾಡಿಕೊಂಡು, ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಉಗುರಿನಿಂದ ಮೆಲ್ಲಗೆ ಕುಟ್ಟಿದ. ‘ಎರಡೂ.’

ನಾಯಿಯನ್ನು ಸಾಕು ಅನ್ನುವುದೂ ನಿಜ, ನನಗಿನ್ನು ಸಾಕು ಅನ್ನುವುದೂ ನಿಜ.

ನಮ್ಮಿಬ್ಬರ ನಡುವೆ ಒಂದು ಮೊಳ ಜಾಗ. ಕಿಟಕಿಯಲ್ಲಿ ಒಳ್ಳೆ ಬಿಸಿಲು. ಇಷ್ಟು ಚೊಕ್ಕ ಸಿಗ್ನಲನ್ನು ಲೈಸೆನ್ಸ್ ಬಂದಾಗಿನಿಂದ ನಾನು ಹಿಡಿದೇ ಇರಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದರಲ್ಲಿ ಒಂದು ಮಾತೂ ನೆನಪಾಗಲಿಲ್ಲ. ನಾನೂ ಪಟ್ಟಿಯ ಮೇಲೆ ಬೆರಳಿಟ್ಟು, ‘ಸರಿಯಾಗಿ ಕೇಳಿಸಲಿಲ್ಲ, ತಿರುಗಾ ಹೇಳು’ ಎಂದು ಕುಟ್ಟಿದೆ. ಒಂದಕ್ಷರವೂ ತಪ್ಪಲಿಲ್ಲ.