ಅತ್ತೆ ಬೆಳಗಿದ ಕಲ್ಲು

ತಪ್ಪು ನಿಂಬೆಹಣ್ಣಿನದಲ್ಲ, ಅತ್ತೆಯದೂ ಅಲ್ಲ. ಮನೆಗೆ ಬಂದು ಎರಡೇ ದಿನವಾಗಿದ್ದ ಸೋದರತ್ತೆಗೆ "ಇದು ತಾಮ್ರ, ಜೋಪಾನ" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ ಗಡಿಯಾರ ರಿಪೇರಿಯವನದೇ ಪೂರ್ತಿ ತಪ್ಪು.

ಅವನು ತಲೆ ಒರೆಸಿಕೊಳ್ಳುತ್ತ ಬಂದಾಗ ಮೇಜಿನ ಮೇಲೆ ಹಸಿರು ಕಲ್ಲು ಇರಲಿಲ್ಲ. ಆ ಜಾಗದಲ್ಲಿ ಹೊಸ ಚೊಂಬಿನಂತೆ ಥಳಥಳಿಸುವ ಕೆಂಪು ಗಡ್ಡೆಯೊಂದು ಕೂತಿತ್ತು.

"ಅತ್ತೆ, ಇಲ್ಲೊಂದು ಕಲ್ಲಿತ್ತಲ್ಲ?"

"ಅದೇ ಕಣೋ ಇದು. ತಾಮ್ರ ಅಂತೀಯ, ಮೈತುಂಬ ಕಿಲುಬು ಹಿಡಿಸಿ ಇಟ್ಟಿದೀಯ! ನಾಲ್ಕು ನಿಂಬೆಹಣ್ಣು, ಒಂದು ಹಿಡಿ ಉಪ್ಪು. ಉಜ್ಜಿ ಉಜ್ಜಿ ನನ್ನ ಕೈ ಬಿದ್ದೋಯ್ತು."

ಆ ಕಿಲುಬಿನಲ್ಲೇ ಅವನ ಜೀವವಿತ್ತು. ಊರಾಚೆ ಯಾವ ಕಾಲದಲ್ಲೋ ಮುಚ್ಚಿಹೋದ ತಾಮ್ರದ ಗಣಿ. ಅದರ ಬಾಯಲ್ಲಿ ಬಿದ್ದ ಕಲ್ಲುರಾಶಿಯನ್ನು ಹನ್ನೆರಡು ವರ್ಷ, ಪ್ರತಿ ಭಾನುವಾರ ಕೆದಕಿದ ಮೇಲೆ ಸಿಕ್ಕಿದ್ದ ಕಲ್ಲು ಅದು. ಮೇಲೆ ಮಖಮಲ್ಲು ಹೊದಿಸಿದಂಥ ಹಸಿರು. ಅದನ್ನು ನೋಡಲು ಇವತ್ತು ನಾಲ್ಕು ಗಂಟೆಗೆ ಮ್ಯೂಸಿಯಮ್ಮಿನ ಅಧಿಕಾರಿಯೇ ಬರುವವರಿದ್ದರು. ಒಪ್ಪಿದರೆ ಗಾಜಿನ ಪೆಟ್ಟಿಗೆ, ಅದರ ಕೆಳಗೆ ಒಂದು ಕಾರ್ಡು, ಕಾರ್ಡಿನಲ್ಲಿ ಅವನ ಹೆಸರು. ಒಪ್ಪದಿದ್ದರೆ ಏನೆಂದು ಹೆಂಡತಿ ಮೊದಲೇ ಹೇಳಿದ್ದಳು: "ಮಂಚದ ಕೆಳಗಿರೋ ಮೂರು ಮೂಟೆ ಕಲ್ಲೂ ಇವತ್ತೇ ಕಸದ ಗಾಡಿಗೆ."

ಅವನು ಕುರ್ಚಿಯ ಮೇಲೆ ಕುಸಿದ. ಆ ಸದ್ದಿಗೆ ಪಕ್ಕದ ಮನೆಯ ಪೇಂಟರ್ ಬಂದ, ಅವನ ಹಿಂದೆಯೇ ಮೇಲಿನ ಮನೆಯ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಇಳಿದರು. ಈ ಮನೆಯಲ್ಲಿ ಯಾರಾದರೂ ಸೀನಿದರೂ ಇಬ್ಬರೂ ಹಾಜರು.

"ಅಷ್ಟೇ ತಾನೇ? ಹಸಿರು ಬಣ್ಣ ಒಂದೇ ಕೋಟು. ಹುಟ್ಟಿಸಿದ ಗಣಿಗೂ ಗೊತ್ತಾಗಲ್ಲ," ಎಂದ ಪೇಂಟರ್.

"ಮುಟ್ಟಬೇಡಯ್ಯ! ವಿನೆಗರ್ ಹಾಕಿ ಬಿಸಿಲಿಗಿಟ್ಟರೆ ಕಿಲುಬು ತಾನಾಗೇ ಬರುತ್ತೆ. ವಿಜ್ಞಾನ ಇದು," ಎಂದರು ಮೇಷ್ಟ್ರು.

"ನಾಲ್ಕು ಗಂಟೆಯೊಳಗೆ ಬರುತ್ತಾ ನಿಮ್ಮ ವಿಜ್ಞಾನ?"

"ನಿನ್ನ ಬಣ್ಣ ನಾಲ್ಕು ಗಂಟೆಯೊಳಗೆ ಒಣಗುತ್ತಾ?"

ಗಡಿಯಾರದವನಿಗೆ ಪೇಂಟರ್ ಮಾತೂ ಸರಿ ಅನ್ನಿಸಿತು, ಮೇಷ್ಟ್ರ ಮಾತೂ ಸರಿ ಅನ್ನಿಸಿತು. ಕೊನೆಗೆ ಕಲ್ಲನ್ನು ಪಾಲು ಮಾಡಲಾಯಿತು. ಎಡಗಡೆ ಬಣ್ಣ, ಬಲಗಡೆ ವಿನೆಗರ್. ಇಬ್ಬರೂ ಒಬ್ಬರ ಗಡಿ ಒಬ್ಬರು ದಾಟದಂತೆ ಕಾವಲು ಕೂತರು. ಮೂರೂವರೆಯ ಹೊತ್ತಿಗೆ ಎಡಭಾಗ ಯಾವುದೋ ಕಚೇರಿಯ ಹಸಿರು ಕಿಟಕಿಯಂತೆ ಹೊಳೆಯುತ್ತಿತ್ತು. ಬಲಭಾಗಕ್ಕೆ ಚರ್ಮರೋಗ ಬಂದಿತ್ತು. ಕಲ್ಲು ಮೊದಲು ಯಾವ ಬಣ್ಣದಲ್ಲಿತ್ತು ಎಂಬುದೇ ಅವನಿಗೀಗ ಮರೆತುಹೋಗಿತ್ತು.

"ನಾನು ಬೆಳಗಿದ್ದೇ ಚೆನ್ನಾಗಿತ್ತಪ್ಪ," ಎಂದಳು ಅತ್ತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಅಧಿಕಾರಿ ಬಂದರು. ಕಲ್ಲನ್ನು ಎತ್ತಿದರು. ಅವರ ಹೆಬ್ಬೆರಳು ಹಸಿರಾಯಿತು. ಬೆರಳನ್ನು ಮೂಸಿದರು, ಕಲ್ಲನ್ನು ಮಗುಚಿದರು. ಅಡಿಯಲ್ಲಿ ಬಣ್ಣವೂ ತಾಕಿರಲಿಲ್ಲ, ವಿನೆಗರೂ ತಾಕಿರಲಿಲ್ಲ. ಅಲ್ಲಿ ತಾಮ್ರ ಸಣ್ಣ ಸಣ್ಣ ಹರಳಾಗಿ ಮಿನುಗುತ್ತಿತ್ತು.

"ಇದನ್ನ ಯಾರು ಉಜ್ಜಿದ್ದು?"

ಪೇಂಟರ್, ಮೇಷ್ಟ್ರು, ಹೆಂಡತಿ ಮೂವರ ಬೆರಳೂ ಒಟ್ಟಿಗೆ ಅತ್ತೆಯ ಕಡೆ ತಿರುಗಿದವು. ಗಡಿಯಾರದವನು ಕೈ ಮುಗಿದ. "ಸರ್, ವಯಸ್ಸಾದವರು, ಹೊಟ್ಟೆಗೆ ಹಾಕ್ಕೊಳ್ಳಿ."

"ಏನ್ರೀ ಹೊಟ್ಟೆಗೆ ಹಾಕ್ಕೊಳ್ಳೋದು? ಹಸಿರು ಕಲ್ಲು ನಮ್ಮಲ್ಲಿ ಮೂವತ್ತು ಬಿದ್ದಿವೆ, ಒಂದರಲ್ಲೂ ಒಳಗಿನ ಹರಳು ಕಾಣಲ್ಲ. ಹರಳು ಮುರೀದೆ ಕಿಲುಬು ಬಿಡಿಸೋ ಕೈ ಸಿಗದೆ ಎರಡು ವರ್ಷ ಆಯ್ತು. ಪೂರ್ತಿ ಕಲ್ಲು ಹೀಗೇ ಇದ್ದಿದ್ರೆ ಈಗಲೇ ಎತ್ಕೊಂಡು ಹೋಗಿರ್ತಿದ್ದೆ!"

"ಬೆಳಿಗ್ಗೆ ಹಾಗೇ ಇತ್ತು ಸರ್..." ಅವನಿಗೆ ಅಳು ಬಂದಿತು. "ಅತ್ತೆ ಇನ್ನೊಂದ್ಸಲ ಉಜ್ಜಿಬಿಡ್ತಾರೆ."

"ಬಣ್ಣ ಬಳಿದ ಕಲ್ಲನ್ನ ನಾನು ಮ್ಯೂಸಿಯಂ ಬಾಗಿಲು ದಾಟಿಸೋ ಹಾಗಿಲ್ಲ." ಅಧಿಕಾರಿ ಅತ್ತೆಯ ಕಡೆ ತಿರುಗಿದರು. "ಅಮ್ಮಾ, ನಮ್ಮ ಮೂವತ್ತು ಕಲ್ಲನ್ನೂ ಒಮ್ಮೆ ನೋಡ್ತೀರಾ? ಹೊರಗೆ ಗಾಡಿ ಇದೆ. ನೀವು ಬೆಳಗಿದ್ದಕ್ಕೆಲ್ಲ ಕಾರ್ಡಲ್ಲಿ ನಿಮ್ಮ ಹೆಸರೇ ಹಾಕಿಸ್ತೀನಿ."

ಅತ್ತೆ ಸೆರಗು ಸಿಕ್ಕಿಸಿ ಎದ್ದೇಬಿಟ್ಟಳು. ಹೆಂಡತಿ ಆಗಲೇ ಮಂಚದ ಕೆಳಗಿನಿಂದ ಮೊದಲನೆಯ ಮೂಟೆ ಎಳೆಯುತ್ತಿದ್ದಳು. ಅತ್ತ ಹೋಗಿ ಮೂಟೆ ಹಿಡಿಯಬೇಕೋ, ಇತ್ತ ಬಂದು ಅಧಿಕಾರಿಯ ಕಾಲು ಹಿಡಿಯಬೇಕೋ ತಿಳಿಯದೆ ಅವನು ನಡುಮನೆಯಲ್ಲಿ ನಿಂತ. ಬಾಗಿಲಿನಿಂದ ಅತ್ತೆಯೇ ಕರೆದಳು.

"ಯಾಕೋ ಹಂಗೆ ನಿಂತೆ? ಬಾ, ನಿಂಬೆಹಣ್ಣಿನ ಚೀಲ ಹಿಡ್ಕೋ. ಮ್ಯೂಸಿಯಂ ಸೇರ್ಬೇಕು ಅಂತ ನಿಂಗೂ ಆಸೆ ಇತ್ತಲ್ಲ ಪಾಪ."