ಮೀನು ತಿಂದ ದಿನ ಓಟಿಪಿ ಇಲ್ಲ

ದೇವರ ಕೋಣೆಯಲ್ಲಿ ಏನೇನು ಇರಬೇಕು ಎಂದು ಹಿರಿಯರು ಹೇಳಿಟ್ಟಿದ್ದಾರೆ. ದೀಪ, ಗಂಟೆ, ಶಂಖ, ಆರತಿ ತಟ್ಟೆ, ದೇವಸ್ಥಾನದಿಂದ ತಂದ ಪ್ರಸಾದದ ಪೊಟ್ಟಣ. ನಮ್ಮ ಮನೆಯಲ್ಲಿ ಇವೆಲ್ಲ ಇವೆ, ಜೊತೆಗೆ ಒಂದು ಮೊಬೈಲೂ ಇದೆ. ಗುಂಡಿ ಒತ್ತುವ ಹಳೆಯ ಮೊಬೈಲು. ಲಕ್ಷ್ಮಿಯ ಪಟದ ಎಡಗಡೆ, ತೀರ್ಥದ ಗಿಂಡಿಯ ಪಕ್ಕ ಅದರ ಜಾಗ. ಬಂದವರು ನೋಡಿ ನಗುತ್ತಾರೆ. ನಗಲಿ. ಅದಕ್ಕೆ ನಾನು ಕುಂಕುಮ ಹಚ್ಚುವುದಿಲ್ಲ, ಆಯುಧಪೂಜೆಯ ಒಂದು ದಿನ ಬಿಟ್ಟು. ಆದರೆ ಬೆಳಿಗ್ಗೆ ದೀಪ ಹಚ್ಚಿ ಕೈಮುಗಿಯುವಾಗ ಕಣ್ಣು ಮೊದಲು ದೇವರ ಮೇಲೆ ಹೋಗುತ್ತದೆಯೋ ಮೊಬೈಲಿನ ಮೇಲೆ ಹೋಗುತ್ತದೆಯೋ ಎಂದು ಯಾರಾದರೂ ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ.

ನಮ್ಮವರು ಬಹರೈನಿನಲ್ಲಿ ಇರುವುದು. ಇಪ್ಪತ್ತೆರಡು ವರ್ಷ ಆಯಿತು, ಒಂದು ದೊಡ್ಡ ಕಟ್ಟಡದ ಲಿಫ್ಟು, ಏಸಿ, ನೀರಿನ ಪಂಪು ಎಲ್ಲ ಅವರ ಉಸ್ತುವಾರಿ. ಅಲ್ಲಿ ಅವರಿಗೆ ಅಲ್ಲಿಯ ನಂಬರು ಇದೆ. ಊರಿನ ನಂಬರು ಬೇರೆ. ಗ್ಯಾಸಿಗೆ, ಕರೆಂಟಿಗೆ, ಬ್ಯಾಂಕಿಗೆ, ಪಾಸ್‌ಪೋರ್ಟಿಗೆ, ಹೀಗೆ ಎಲ್ಲೆಲ್ಲಿ ನಂಬರು ಕೇಳುತ್ತಾರೋ ಅಲ್ಲೆಲ್ಲ ಇವರು ಊರಿನ ನಂಬರನ್ನೇ ಕೊಟ್ಟು ಕೂತಿದ್ದಾರೆ. ಒಮ್ಮೆ ಆ ಸಿಮ್ಮನ್ನು ಜೊತೆಗೇ ಕೊಂಡುಹೋಗಿ ನೋಡಿದರು. ನಮ್ಮ ಗ್ಯಾಸ್ ಸಿಲಿಂಡರು ಬರುತ್ತದೆ ಎಂಬ ಮೆಸೇಜು ಅವರಿಗೆ ಬಹರೈನಿನಲ್ಲಿ ತಲುಪುವಾಗ ಇಲ್ಲಿ ಅದರ ಮೇಲೆ ಎರಡು ದಿನದ ಅಡುಗೆ ಆಗಿತ್ತು. ಅಂದಿನಿಂದ ಸಿಮ್ಮು ಊರಿನಲ್ಲೇ. ಇವರು ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ, ನಂಬರು ಮಾತ್ರ ನನ್ನ ಜೊತೆ ಸಂಸಾರ ಮಾಡುತ್ತದೆ.

ಅದನ್ನು ದೇವರ ಕೋಣೆಯಲ್ಲಿ ಇಟ್ಟದ್ದು ಭಕ್ತಿಯಿಂದಲ್ಲ. ಕಾಪುವಿನಲ್ಲಿ ನಮ್ಮ ಮನೆ ತಗ್ಗಿನಲ್ಲಿದೆ, ಸುತ್ತ ತೆಂಗಿನ ಮರ. ಮನೆಗೆ ಇಂಟರ್‌ನೆಟ್ಟಿನ ವಯರು ಎಳೆಸಿದ್ದರಿಂದ ನನ್ನ ಮೊಬೈಲಿಗೆ ಇವರು ವೀಡಿಯೋದಲ್ಲಿ ಬರುತ್ತಾರೆ, ಆದರೆ ಸಿಮ್ಮಿಗೆ ಸಿಗ್ನಲ್ ಬೇಕಲ್ಲ. ಬಾವಿಗೆ ಜಾಗ ನೋಡುವವರು ಕವಲು ಕೋಲು ಹಿಡಿದು ನಡೆಯುವ ಹಾಗೆ ಇವರು ಮೊಬೈಲು ಹಿಡಿದು ಮನೆಯೆಲ್ಲ ನಡೆದರು. ದೇವರ ಕೋಣೆಯ ಕಿಟಕಿಯ ಹತ್ತಿರ ಬಂದಾಗ ಮೂರು ಗೆರೆ ಮೂಡಿತು. ದೇವರ ಮಾಲೆ ಬಲ್ಬಿಗೆ ಹಾಕಿಸಿದ ಪ್ಲಗ್ಗೂ ಅಲ್ಲೇ ಇತ್ತು. "ಇಲ್ಲೇ ಇರಲಿ, ತೆಗೆಯಬೇಡ" ಎಂದರು. ಮದುವೆಯ ದಿನವೂ ಅವರು ನನಗೆ ಅಷ್ಟು ಗಂಭೀರವಾಗಿ ಏನೂ ಹೇಳಿರಲಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಇವರಿಗೆ ಅಲ್ಲಿ ಹನ್ನೆರಡಕ್ಕೆ ಊಟದ ಬಿಡುವು. ಆಗ ಕಂಪ್ಯೂಟರಿನಲ್ಲಿ ಏನಾದರೂ ಒತ್ತುತ್ತಾರೆ, ಓಟಿಪಿ ಇಲ್ಲಿ ಬರುತ್ತದೆ, ನಾನು ನೋಡಿ ಹೇಳಬೇಕು, ಅದೂ ಹತ್ತು ನಿಮಿಷದ ಒಳಗೆ. ಅಲ್ಲಿ ಹನ್ನೆರಡು ಎಂದರೆ ಇಲ್ಲಿ ಎರಡೂವರೆ. ಎರಡೂವರೆಗೆ ನಾನು ಊಟ ಮಾಡಿ ಕೂತಿರುತ್ತೇನೆ, ಊಟ ಎಂದರೆ ಮೀನು. ಮೀನು ತಿಂದ ಮೇಲೆ ಮರುದಿನ ಸ್ನಾನ ಆಗದೆ ನಾನು ದೇವರ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಇದು ನನ್ನ ಅಮ್ಮನ ಕಟ್ಟಳೆ. ಅಮ್ಮ ಇನ್ನೊಂದನ್ನೂ ಕಲಿಸಿದ್ದಾಳೆ, ಅಡುಗೆಯನ್ನು ಬಾಯಿಗೆ ಹಾಕಿ ಉಪ್ಪು ನೋಡಬಾರದು, ಕೈ ಅಂದಾಜು ಸಾಕು ಎಂದು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಯಾವ ಸಾರಿನ ಉಪ್ಪನ್ನೂ ನೋಡಿದವಳಲ್ಲ. ಹಾಗೆ ನೋಡಬಹುದಿತ್ತು ಎಂದು ಇವರಿಗೆ ಆಗಾಗ ಅನ್ನಿಸಿದ್ದುಂಟು.

"ನಂಬರ್ ಬಂತಾ ನೋಡು," ಎನ್ನುತ್ತಿದ್ದರು ಇವರು.

"ಬಂಗುಡೆ ಆಗಿದೆ ಮಾರಾಯ್ರೇ."

"ಬಂಗುಡೆಗೂ ಬ್ಯಾಂಕಿಗೂ ಎಂತ ಸಂಬಂಧ?"

ಸಂಬಂಧ ಇದೆ ಎಂದು ನಾಲ್ಕೈದು ಓಟಿಪಿ ವ್ಯರ್ಥವಾದ ಮೇಲೆ ಅವರಿಗೆ ಗೊತ್ತಾಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಸೋಮವಾರ ಮತ್ತು ಶುಕ್ರವಾರ ನನಗೆ ಮೀನು ಇಲ್ಲ. ಸರ್ಕಾರದ ಕೆಲಸ, ಬ್ಯಾಂಕಿನ ಕೆಲಸ, ಏನಿದ್ದರೂ ಆ ಎರಡು ದಿನ. ಶುಕ್ರವಾರ ಅವರಿಗೆ ಅಲ್ಲಿ ರಜೆಯೂ ಹೌದು. ಹೀಗೆ ದೇವರ ದಯೆಯಿಂದ ಎಂಟು ವರ್ಷ ನಡೆಯಿತು. ಮಣಿಪಾಲದಲ್ಲಿ ಲ್ಯಾಬಿನ ಕೆಲಸ ಮಾಡುವ ನಮ್ಮ ಮಗಳು, "ಅಮ್ಮ, ಮೆಸೇಜ್ ತನ್ನಷ್ಟಕ್ಕೇ ನಿನ್ನ ಮೊಬೈಲಿಗೆ ಬರುವ ಹಾಗೆ ಮಾಡ್ಲಿಕ್ಕೆ ಆಗ್ತದೆ" ಎಂದಿದ್ದಳು. ನಡೆಯುವುದನ್ನು ಯಾಕೆ ಬದಲಿಸುವುದು ಎಂದು ನಾನೇ ಬೇಡ ಎಂದೆ. ಈ ಮಾತನ್ನು ಅವಳು ಮುಂದೆ ಮೂರು ಸಲ ನೆನಪಿಸಿದ್ದಾಳೆ.

ಈ ಸಲ ಇವರ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿತ್ತು. ಅದು ಹೊಸದಾಗದೆ ಅಲ್ಲಿ ವಾಸಕ್ಕೆ ಬೇಕಾದ ಕಾರ್ಡು ಹೊಸದಾಗುವುದಿಲ್ಲ, ಕಾರ್ಡು ಇಲ್ಲದೆ ರಜೆ ಇಲ್ಲ. ರಜೆ ಎರಡು ವರ್ಷದ ನಂತರ ಸಿಗುವ ಒಂದು ತಿಂಗಳು, ಅದೂ ಮಳೆ ಹಿಡಿಯುವ ಮೊದಲು. ಪಾಸ್‌ಪೋರ್ಟಿನ ಕಚೇರಿಗೆ ಹೋಗಲು ಕಂಪ್ಯೂಟರಿನಲ್ಲಿ ದಿನ ಹಿಡಿಯಬೇಕು, ಬೇಗ ತುಂಬಿಹೋಗುತ್ತದೆ. ಒಂದು ಸೋಮವಾರ, ಅಲ್ಲಿಯ ಒಂಬತ್ತು ಗಂಟೆಗೆ ಒತ್ತುವುದು ಎಂದು ತೀರ್ಮಾನ ಆಯಿತು. ಸೋಮವಾರ, ಮೀನು ಇಲ್ಲ, ನನ್ನ ಸ್ನಾನ ಆರಕ್ಕೇ ಆಗಿರುತ್ತದೆ. ಏನೂ ತೊಂದರೆ ಇರಲಿಲ್ಲ, ಅದರ ಹಿಂದಿನ ಶನಿವಾರ ಬಜಗೋಳಿಯ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ, ತೀರಿಹೋಗುವವರೆಗೆ.

ದೊಡ್ಡಮ್ಮನನ್ನು ದೂರುವ ಹಾಗಿಲ್ಲ. ತೊಂಬತ್ತು ದಾಟಿದ ಜೀವ, ಬೆಳಿಗ್ಗೆ ಗಂಜಿ ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡು ಹೋದದ್ದು. ಹೋದಾಗಲೆಲ್ಲ "ನಿನ್ನ ಗಂಡ ಬರುವುದು ಯಾವಾಗ?" ಎಂದು ಕೇಳುತ್ತಿದ್ದರು. ಸುದ್ದಿ ಬಂದ ಕೂಡಲೇ ಬಜಗೋಳಿಗೆ ಹೋದೆ, ಬಂದು ಸ್ನಾನ ಮಾಡಿ ದೇವರ ಕೋಣೆಯ ಬಾಗಿಲು ಎಳೆದುಕೊಂಡೆ. ಸೂತಕದಲ್ಲಿ ದೀಪ ಇಲ್ಲ, ಒಳಗೆ ಹೋಗುವುದೂ ಇಲ್ಲ. ಮೊಬೈಲು ಒಳಗೆ ಉಳಿಯಿತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ಸೋಮವಾರ ಹನ್ನೊಂದೂವರೆಗೆ, ಅದು ಒಳಗಿನಿಂದ ಟಿಂಗ್ ಎಂದಾಗ.

"ಬಂತು ಅಲ್ವಾ? ಹೇಳು," ಎಂದರು ಇವರು ವೀಡಿಯೋದಲ್ಲಿ.

"ಹೇಗೆ ಹೇಳುವುದು? ಸೂತಕ."

"ಎಂತ ಸೂತಕ?"

"ದೊಡ್ಡಮ್ಮ ಹೋದದ್ದು ನಿಮಗೆ ಹೇಳಿದ್ದೇನಲ್ಲ."

"ದೊಡ್ಡಮ್ಮ ಹೋದದ್ದು ಹೇಳಿದ್ದಿ. ಮೊಬೈಲು ಒಳಗೆ ಹೋದದ್ದು ಹೇಳಲಿಲ್ಲ ಮಾರಾಯ್ತಿ."

ನಮ್ಮದು ತಾಯಿಯ ಕಡೆಯ ಕುಟುಂಬದ ಲೆಕ್ಕ. ಹಾಗಾಗಿ ಸೂತಕ ನನಗೆ ಮತ್ತು ಮಗಳಿಗೆ. ಇವರ ಕುಟುಂಬ ಬೇರೆ, ಇವರಿಗೆ ಇಲ್ಲ. ಅಂದರೆ ನಮ್ಮ ಮನೆಯಲ್ಲಿ ದೇವರ ಕೋಣೆಗೆ ಹೋಗಬಹುದಾದವರು ಒಬ್ಬರೇ, ಅವರು ಬಹರೈನಿನಲ್ಲಿ ಕೂತು ನನ್ನನ್ನು ನೋಡುತ್ತಿದ್ದರು. ನಾನು ಹಿತ್ತಲಿನಿಂದ ನುಗ್ಗೆಕಾಯಿ ಕೊಯ್ಯುವ ಕೊಕ್ಕೆ ತಂದು, ಹೊಸ್ತಿಲಿನ ಹೊರಗೇ ನಿಂತು ಒಳಗೆ ಚಾಚಿದೆ. ಮೊದಲು ಗಂಟೆ ಬಿತ್ತು. ಆಮೇಲೆ ಮೊಬೈಲು ಮೆಲ್ಲಗೆ ಸರಿದು ಪಟದ ಹಿಂದೆ ಹೋಯಿತು. ಹತ್ತು ನಿಮಿಷ ಮುಗಿಯಿತು. ಇನ್ನೊಂದು ಓಟಿಪಿ ತರಿಸಿದರು, ಅದೂ ಪಟದ ಹಿಂದೆಯೇ ತೀರಿಹೋಯಿತು. "ಇನ್ನು ಒಂದೇ ಸಲ ಕೊಡುವುದಂತೆ," ಎಂದರು ಇವರು. "ಮೂರು ದಿನ ಮಾತ್ರ ಖಾಲಿ ತೋರಿಸ್ತಾ ಉಂಟು. ಇದು ಹೋದರೆ ರಜೆಯ ಆಸೆ ಬಿಡುವುದೇ." ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಮೆಲ್ಲಗೆ ಹೇಳಿದರು.

ಹೊಸ್ತಿಲಿನ ಹೊರಗಿನಿಂದಲೇ ಕೈಮುಗಿದೆ. ಇವರು ಬರುವ ಹಾಗಾದರೆ, ಅವರು ಊರಿನಲ್ಲಿ ಇರುವಷ್ಟು ದಿನ ನಾನು ಮೀನು ಬಾಯಿಗೆ ಹಾಕುವುದಿಲ್ಲ ಎಂದು ಹರಕೆ ಹೇಳಿಕೊಂಡೆ. ಹೇಳಿಕೊಂಡು ತಿರುಗಿದರೆ ಪಾಗಾರದ ಗೋಡೆಯ ಆಚೆ ಝುಬೈದಾ ಬಟ್ಟೆ ಒಣಗಿಸುತ್ತಿದ್ದಳು. ನೆರೆಮನೆಯವಳು, ಗಂಡ ಸೌದಿಯಲ್ಲಿ. ಅವಳ ಗಂಡನ ಸಿಮ್ಮು ಅವಳ ಮನೆಯಲ್ಲಿ ಫ್ರಿಜ್ಜಿನ ಮೇಲೆ ಇರುವುದು. ಕರೆದೆ, ಬಂದಳು, ವಿಷಯ ಹೇಳಿದೆ.

"ನಾನು ಒಳಗೆ ಹೋಗಬಹುದಾ ಅಕ್ಕ?" ಎಂದು ಕೇಳಿದಳು.

ಹೌದಲ್ಲ, ಅದು ಕೇಳಬೇಕಾದ ಮಾತೇ. ನಾನು ಸ್ವಲ್ಪ ಯೋಚಿಸಿದೆ. "ಬಜಗೋಳಿ ದೊಡ್ಡಮ್ಮ ನಿನಗೆ ಎಂತ ಆಗಬೇಕು?"

"ಎಂತದೂ ಆಗಬೇಕಾಗಿಲ್ಲ."

"ಬೆಳಿಗ್ಗೆ ಮೀನು?"

"ಅವಲಕ್ಕಿ ಅಕ್ಕ. ಮೀನಿನವಳು ಇನ್ನು ಬರಬೇಕಷ್ಟೆ."

"ಹಾಗಾದರೆ ಹೋಗು," ಎಂದೆ. ಇವರು ಅಲ್ಲಿ ಒತ್ತಿದರು, ಇಲ್ಲಿ ಟಿಂಗ್ ಎಂದಿತು. ಝುಬೈದಾ ಒಳಗೆ ಹೋಗಲಿಲ್ಲ, ಹಿತ್ತಲಿನ ನಳ್ಳಿಯ ಹತ್ತಿರ ಹೋದಳು. ನಮಾಜಿನ ಮೊದಲು ಮಾಡುವ ಹಾಗೆ ಕೈ, ಬಾಯಿ, ಮುಖ, ಮೊಣಕೈಯವರೆಗೆ ತೋಳು, ಕೊನೆಗೆ ಕಾಲು, ಎಲ್ಲ ಕ್ರಮವಾಗಿ ತೊಳೆದಳು. ಎಂಟು ವರ್ಷ ಗಂಡನನ್ನು ಬಂಗುಡೆಯ ಹೆಸರಿನಲ್ಲಿ ಕಾಯಿಸಿದ ನಾನು ಈಗ ಅವಳಿಗೆ ಬೇಗ ಆಗಲಿ ಎಂದು ಯಾವ ಬಾಯಿಯಿಂದ ಹೇಳುವುದು? ಮೊಬೈಲಿನಲ್ಲಿ ಇವರು ಗಡಿಯಾರ ನೋಡುತ್ತಿದ್ದರು. ಅವಳು ಸೆರಗು ತಲೆಗೆ ಎಳೆದುಕೊಂಡು ಒಳಗೆ ಹೋಗಿ, ಪಟದ ಹಿಂದೆ ಕೈ ಹಾಕಿ, ಆರು ಅಂಕಿ ಒಂದೊಂದಾಗಿ ಹೇಳಿದಳು. ನಾನು ಒಂದೊಂದಾಗಿ ದಾಟಿಸಿದೆ. ಬರುವಾಗ ನಾನು ಬೀಳಿಸಿದ ಗಂಟೆಯನ್ನು ಎತ್ತಿ ಸರಿಯಾಗಿ ಇಟ್ಟು ಬಂದಳು.

"ಆಯ್ತು, ಸಿಕ್ಕಿತು," ಎಂದರು ಇವರು.

"ಫ್ರಿಜ್ಜಿನ ಮೇಲೆ ಇಡಿ ಅಂತ ನಾನು ಯಾವಾಗ್ಲೋ ಹೇಳಿದ್ದೆ ಅಕ್ಕ," ಎಂದಳು ಝುಬೈದಾ. "ಫ್ರಿಜ್ಜಿಗೆ ಸೂತಕ ಇಲ್ಲ."

ದೇವರು ನಮ್ಮನ್ನು ದೊಡ್ಡದರಲ್ಲಿ ಕಾಯುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಸಣ್ಣದರಲ್ಲೇ ಹೆಚ್ಚು ಕಾಣುವುದು. ಓಟಿಪಿಗೆ ಆರೇ ಅಂಕಿ ಇರುವುದು, ಮೀನಿನವಳು ಅಂದು ತಡ ಮಾಡಿದ್ದು, ಪಾಗಾರ ಗಿಡ್ಡ ಇರುವುದು. ಸೂತಕ ಕಳೆದ ಮೇಲೆ ದೀಪ ಹಚ್ಚಿ ಒಂದೊಂದನ್ನೇ ಹೇಳಿ ಕೈಮುಗಿದೆ.

ಇವರು ಬಂದರು. ಮಾವಿನಹಣ್ಣು ಇನ್ನೂ ಇತ್ತು, ಬೋಟುಗಳೂ ಇನ್ನೂ ಕಡಲಿಗೆ ಹೋಗುತ್ತಿದ್ದವು. ಇವರಿಗೆ ದಿನವೂ ಮೀನು ಮಾಡಿದೆ, ಕಾಣೆ, ಬೊಂಡಾಸು, ಬಂಗುಡೆ. ನಾನು ತಿಳಿಸಾರಿನಲ್ಲಿ ಉಂಡೆ. ಹರಕೆಯ ವಿಷಯ ಇವರಿಗೆ ಹೇಳಿದ್ದೆ. "ನಾನು ಬಂದದ್ದಕ್ಕೆ ನಿನಗೆ ಶಿಕ್ಷೆಯಾ?" ಎಂದು ಬೊಂಡಾಸು ಇನ್ನಷ್ಟು ಬಡಿಸಿಕೊಂಡರು. ಹರಕೆಯಿಂದ ಒಂದು ಲಾಭ ಆಯಿತು, ಆ ತಿಂಗಳು ಯಾವ ಹೊತ್ತಿನಲ್ಲಿ ಬೇಕಾದರೂ ನಾನು ದೇವರ ಕೋಣೆಗೆ ಹೋಗಬಹುದಿತ್ತು. ಮೀನು ತಿಂದು ಹೊರಗೆ ನಿಲ್ಲುವ ಸರದಿ ಇವರದಾಯಿತು.

ರಜೆ ಮುಗಿಯಲು ಒಂದು ವಾರ ಇರುವಾಗ, ಮಧ್ಯಾಹ್ನ ಊಟ ಮುಗಿಸಿ ಇವರು ಜಗಲಿಯಲ್ಲಿ ಕೂತು ಹಿಂದೆ ಹೋಗುವ ಟಿಕೆಟು ಮಾಡುತ್ತಿದ್ದರು. ದೇವರ ಕೋಣೆಯಲ್ಲಿ ಟಿಂಗ್ ಎಂದಿತು. ಇವರು ಎದ್ದು ಬಂದು ಹೊಸ್ತಿಲಿನ ಹೊರಗೆ ನಿಂತರು.

"ನಂಬರ್ ಬಂತು ಕಾಣ್ತದೆ. ಸ್ವಲ್ಪ ನೋಡಿ ಹೇಳು. ನಿನಗೆ ಮೀನು ಇಲ್ಲ ಅಲ್ವಾ?"

ನಾನು ಪಾತ್ರೆ ಎತ್ತಿಡುತ್ತಿದ್ದೆ. "ಇಲ್ಲ," ಎಂದೆ. ಆಮೇಲೆ, "ಆದರೆ ಇವತ್ತು ಮೀನಿನ ಸಾರಿನ ಉಪ್ಪು ನೋಡಿದ್ದೇನೆ," ಎಂದೆ.

ಇವರು ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷ ನನ್ನ ಕೈಯ ಉಪ್ಪು ತಿಂದವರು. ಹೆಚ್ಚಾದ ದಿನವೂ ತಿಂದಿದ್ದಾರೆ, ಕಡಿಮೆಯಾದ ದಿನವೂ ತಿಂದಿದ್ದಾರೆ.

"ಹೌದಾ," ಎಂದರು. ಹೋಗಿ ಜಗಲಿಯಲ್ಲಿ ಕೂತರು. ಹತ್ತು ನಿಮಿಷ ಕಳೆದು ಓಟಿಪಿ ತೀರಿಹೋಯಿತು. ಆಮೇಲೆ, "ನಾಳೆ ಮಾಡುವ ಬಿಡು. ಒಂದು ಲೋಟ ಚಾ ಕೊಡು," ಎಂದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿದೆ. ತಿನ್ನದ ಮೀನನ್ನು ತಿಂದೆ ಎಂದದ್ದಕ್ಕೆ, ಮುರಿಯದ ಹರಕೆಯನ್ನು ಮುರಿದೆ ಎಂದದ್ದಕ್ಕೆ, ಎರಡಕ್ಕೂ ಬೇರೆ ಬೇರೆ ತಪ್ಪುಕಾಣಿಕೆ ತೆಗೆದಿಟ್ಟೆ. ಇಡಲು ಜಾಗ ಬೇಕಲ್ಲ, ಮೊಬೈಲನ್ನು ಸ್ವಲ್ಪ ಆಚೆ ಸರಿಸಿದೆ. ಸಿಗ್ನಲ್ಲಿನ ಗೆರೆ ಮೂರು ಇದ್ದದ್ದು ಒಂದಾಯಿತು. ಅಲ್ಲೇ ಬಿಟ್ಟು ಬಂದೆ.