ಹತ್ತು ಲೀಟರಿನ ಹದ್ದು, ಎರಡು ಕಿಲೋ ಕಾಗದ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇದುವರೆಗೆ ಬರೆದದ್ದೆಂದರೆ ಅರ್ಜಿಗಳು ಮಾತ್ರ. ‘ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರು ಮಾಡದಿದ್ದರೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಹಾಗಾಗಿ ನಗು ಬರಬೇಕಾದ ಕಡೆ ವಿವರಣೆ ಬಂದು, ವಿವರಣೆ ಬರಬೇಕಾದ ಕಡೆ ಇನ್ನಷ್ಟು ವಿವರಣೆ ಬಂದರೆ ಸಹಿಸಿಕೊಳ್ಳಿ. ಕಾನೂನು ಪ್ರಕಾರ ಡ್ರೋನ್ ಹಾರಿಸುವವನ ಬಾಳಿನಲ್ಲಿ ಇಂಥವು ದಿನಾ ನಡೆಯುತ್ತವೆ. ಕಾನೂನು ಬಿಟ್ಟು ಹಾರಿಸುವವರಿಗೆ ಒಂದೂ ನಡೆಯುವುದಿಲ್ಲ. ನನ್ನ ಸಂಕಟವೇ ಅದು.

ನನ್ನದು ಮದುವೆಯಲ್ಲಿ ಫೋಟೋ ತೆಗೆಯುವ ಚಿಕ್ಕ ಡ್ರೋನ್ ಅಲ್ಲ. ಹೊಲಕ್ಕೆ ಔಷಧ ಹೊಡೆಯುವಂಥದ್ದು. ಆರು ರೆಕ್ಕೆ, ನಡುವೆ ಹತ್ತು ಲೀಟರಿನ ಟಾಕಿ, ಕೆಳಗೆ ನಾಲ್ಕು ನಾಝಲ್ಲು. ನಾಝಲ್ ಎಂದರೆ ಔಷಧ ಮಂಜಿನ ಹಾಗೆ ಹೊರಬೀಳುವ ಸಣ್ಣ ಮೂತಿ. ಇದನ್ನು ಹಾರಿಸಲು ತರಬೇತಿ ಪಡೆದು ಪೈಲಟ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಮೋಟರ್ ಸೈಕಲ್ಲಿಗೆ ಇರುವ ಹಾಗೆ ಡ್ರೋನಿಗೂ ನೋಂದಣಿ ನಂಬರ್ ಬೇಕು. ಹಾರಿಸುವ ಮುಂಚೆ ಸರ್ಕಾರದ ನಕ್ಷೆಯಲ್ಲಿ ಆ ಜಾಗ ಹಸಿರು ಬಣ್ಣದಲ್ಲಿದೆಯೇ ಎಂದು ಮೊಬೈಲಿನಲ್ಲಿ ನೋಡಬೇಕು. ಎಲ್ಲ ಕಾಗದವೂ ನನ್ನ ಹತ್ತಿರ ಒಂದು ಫೈಲಿನಲ್ಲಿದೆ. ಫೈಲು ಎರಡು ಕಿಲೋ ಇದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ.

ನಮ್ಮೂರು ಅಂಕಲಿಯ ಹತ್ತಿರ, ಕೃಷ್ಣೆಯ ದಂಡೆಗೆ. ಕಬ್ಬಿನ ಊರು. ನಮ್ಮಪ್ಪ ತಲೆಯ ಮೇಲೆ ಬಿಳಿ ಟೋಪಿ ಇಲ್ಲದೆ ಹೊಸ್ತಿಲು ದಾಟುವವನಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದರೆ ಮಾತ್ರ ಅದು ಹೊಡೆದ ಹಾಗೆ ಎಂದು ನಂಬಿದವನು. ಡ್ರೋನ್ ಮನೆಗೆ ಬಂದ ದಿನ ಅದರ ಸುತ್ತ ಒಂದು ಸುತ್ತು ಹಾಕಿ ಹೇಳಿದ:

“ಕೇಳಿಲ್ಲಿ. ಈ ಹಂಗಾಮ ಮುಗಿಯೂದ್ರೊಳಗ ನಮ್ಮೂರಾನ ಒಬ್ಬಾಂವರೆ ತಾನಾಗಿ ನಿನ್ನ ಕರೀಬೇಕು. ನೀ ಹೋಗಿ ಕೈಕಾಲ ಹಿಡದದ್ದ ಲೆಕ್ಕಕ್ಕಿಲ್ಲ. ಯಾರೂ ಕರೀಲಿಲ್ಲಂದ್ರ ಈ ಹದ್ದ ಮಾರಿ, ಹಾರೂಗೇರ್ಯಾಗ ನಿಮ್ಮ ಮಾಮಾನ ಗೊಬ್ಬರದ ಅಂಗಡ್ಯಾಗ ಹೋಗಿ ಕುಂದ್ರು.”

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಒಳ್ಳೆಯವನೇ. ಆದರೆ ಅವನು ಆ ವಾರವೇ ಅಂಗಡಿಯ ದುಡ್ಡಿನ ಗಲ್ಲೆಯ ಪಕ್ಕ ನನಗೆಂದು ಒಂದು ಸ್ಟೂಲು ಇಟ್ಟುಬಿಟ್ಟ. ಕೂತರೆ ಅಲ್ಲಾಡುವ ಸ್ಟೂಲು. ಮುಂದೆ ಹೇಳುವ ಪ್ರತಿಯೊಂದು ಪ್ರಸಂಗದಲ್ಲೂ ಆ ಸ್ಟೂಲು ನನ್ನ ಕಣ್ಣ ಮುಂದೆ ಅಲ್ಲಾಡುತ್ತಿತ್ತು ಎಂದು ತಿಳಿಯಿರಿ.

ತಪ್ಪು ಏನು ಮಾಡಿದ್ದೀ?

ಕೆಲಸ ಶುರು ಮಾಡುವ ಮುಂಚೆ ಪೊಲೀಸರಿಗೆ ತಿಳಿಸಿಬಿಡೋಣ, ಆಮೇಲೆ ತಕರಾರು ಬೇಡ ಎಂದು ಫೈಲು ಎತ್ತಿಕೊಂಡು ಠಾಣೆಗೆ ಹೋದೆ. ಯಾವ ಠಾಣೆ ಎಂದು ಬರೆಯುವುದಿಲ್ಲ. ಮೇಜಿನ ಹಿಂದೆ ಒಬ್ಬ ಹವಾಲ್ದಾರರಿದ್ದರು.

“ಏನಪಾ, ಏನಾತು?”

“ಏನೂ ಆಗಿಲ್ರಿ.”

“ಯಾರರೆ ಹೊಡದಾರೇನು?”

“ಇಲ್ರಿ.”

“ನೀ ಯಾರನರೆ ಹೊಡದಿ?”

“ಇಲ್ರಿ ಸಾಹೇಬ್ರ, ಔಷಧ ಹೊಡ್ಯಾಂವ. ಡ್ರೋನಿಂದ. ಎಲ್ಲಾ ಕಾಗದ ಅದಾವು, ತಿಳಿಸಿ ಹೋಗೂಣು ಅಂತ ಬಂದೀನಿ.”

ಅವರು ಫೈಲು ತೆರೆದರು. ನಾನು ನಿಂತಲ್ಲೇ ಪೈಲಟ್ ಸರ್ಟಿಫಿಕೇಟಿನಿಂದ ಹಿಡಿದು ವಿಮೆಯ ತನಕ ವಿವರಿಸಿದೆ. ಹಸಿರು ವಲಯ, ಹಳದಿ ವಲಯ, ಕೆಂಪು ವಲಯ ಎಂದು ಮೂರು ಬೆರಳು ತೋರಿಸಿದೆ. ಹವಾಲ್ದಾರರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಕೊನೆಗೆ ಫೈಲು ಮುಚ್ಚಿದರು.

“ತಮ್ಮಾ, ನನ್ನ ಸರ್ವೀಸಿನಾಗ ತಪ್ಪ ಮಾಡದನ ಕಾಗದ ತಗೊಂಡ ಬಂದಾಂವ ನೀ ಒಬ್ಬಾಂವ. ಇದನ್ನ ಯಾವ ಪುಸ್ತಕದಾಗ ಬರೀಬೇಕಂತ ನನಗ ಗೊತ್ತಿಲ್ಲ. ಹಿಂಗ ಮಾಡು. ಮದಲ ಹಾರಸು. ಯಾರರೆ ಕಂಪ್ಲೇಂಟ್ ಕೊಟ್ಟ ಕೊಡ್ತಾರ. ಆಮ್ಯಾಲ ನಾವ ಕರಸ್ತೀವಿ, ಆವಾಗ ಆರಾಮಾಗಿ ಬಾ.”

ಹಾರಿಸುವ ವಾರ ಯಾವುದು?

ಗಾಳಿ ಜೋರಾಗಿದ್ದರೆ ಡ್ರೋನ್ ಹಾರಿಸಬಾರದು. ಮಳೆ ಇದ್ದರೆ ಹಾರಿಸಬಾರದು. ಇಷ್ಟು ನನ್ನ ಕೈಪಿಡಿಯಲ್ಲಿದೆ. ಆದರೆ ಕೈಪಿಡಿ ಬರೆದವರು ನಮ್ಮ ಕಡೆ ಬಂದವರಲ್ಲ.

ಅಥಣಿ ಕಡೆಯ ಒಬ್ಬ ಗೌಡರು ದ್ರಾಕ್ಷಿಗೆ ಹೊಡೆಯಲು ಕರೆದರು. ನಾನು ಸೋಮವಾರ ಬೆಳಿಗ್ಗೆ ಹೋದೆ. ಅವರು ಡ್ರೋನಿಗೆ ಅಡ್ಡ ನಿಂತರು.

“ಸೋಮವಾರ ನಾವ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ.”

“ಇದು ಎತ್ತಲ್ರಿ ಗೌಡ್ರ, ಬ್ಯಾಟರಿ.”

“ಇರಲಿ. ಭಾರ ಹೊರ್ತೈತಿ ಹೌದಿಲ್ಲೋ? ಹೊಲದಾಗ ದುಡೀತೈತಿ ಹೌದಿಲ್ಲೋ? ವಾರಕ್ಕೊಂದ ದಿನ ಅದಕ್ಕೂ ಬಿಡುವು ಬ್ಯಾಡೇನು?”

ಬ್ಯಾಟರಿಗೆ ವಾರದ ರಜೆಯ ನಿಯಮ ನನ್ನ ಎರಡು ಕಿಲೋ ಫೈಲಿನಲ್ಲಿ ಎಲ್ಲೂ ಇರಲಿಲ್ಲ. ವಾಪಸು ಬಂದೆ. ಮರುದಿನ ಹೋದರೆ ಗಾಳಿ. ಅದರ ಮರುದಿನ ಅಮಾವಾಸ್ಯೆ.

ಅದಾದ ಮೇಲೆ ರಾಯಬಾಗ ತಾಲೂಕಿನ ಒಂದು ಜೈನರ ಮನೆಯಿಂದ ಫೋನ್ ಬಂತು. ಈ ಸಲ ನಾನೇ ಮುಂಚಿತವಾಗಿ ವಾರ ಕೇಳಿಕೊಂಡು ಗುರುವಾರ ಹೋದೆ. ಕಟ್ಟೆಯ ಮೇಲೆ ಮನೆಯ ಆಯಿ ಕೂತಿದ್ದಳು. ಆಯಿ ಎಂದರೆ ಅಜ್ಜಿ.

“ಇವತ್ತ ಚತುರ್ದಶಿ ಐತೋ ಯಪ್ಪಾ. ಹುಳಾ ಸಾಯೂ ಔಷಧ ಇವತ್ತ ನಮ್ಮ ಹೊಲದಾಗ ಹೊಡ್ಯಾಂಗಿಲ್ಲ.”

ನಾನು ಅಳುವುದೊಂದೇ ಬಾಕಿ. ಆಯಿಗೆ ಅಯ್ಯೋ ಅನ್ನಿಸಿರಬೇಕು.

“ಅಷ್ಟ ದೂರಿಂದ ಬಂದೀದಿ. ಬರೇ ನೀರ ಹಾಕಿ ಒಂದ ಸಲ ಹಾರಸಿ ತೋರಸು. ನೋಡೂಣು.”

ಬಾವಿಯಿಂದ ಕೊಡ ತಂದು ಟಾಕಿಗೆ ಸುರಿಯಲು ಹೋದೆ. ಆಯಿ ಕೋಲು ಎತ್ತಿದಳು.

“ಸೋಸೀದ್ಯೋ ಇಲ್ಲೋ?”

“ಕುಡ್ಯಾಕಲ್ಲಬೇ ಆಯಿ, ಬೆಳಿಗೆ.”

“ಬೆಳಿಗೇ ಇರಲಿ. ಸೋಸದ ನೀರ ನಮ್ಮನ್ಯಾಗ ಯಾವದಕ್ಕೂ ಬಳಸಂಗಿಲ್ಲ.” ಒಳಗಿನಿಂದ ದಪ್ಪ ಬಿಳಿ ಅರಿವೆ ತರಿಸಿ, ಎರಡು ಮಡಿಕೆ ಮಾಡಿ, ತಾನೇ ಮುಂದೆ ನಿಂತು ಹತ್ತೂ ಲೀಟರ್ ಸೋಸಿಸಿದಳು.

ಅವತ್ತಿನ ತನಕ ಅಭ್ಯಾಸಕ್ಕೆಂದು ಹಾರಿಸಿದ ಪ್ರತಿ ಸಲವೂ ನನ್ನ ನಾಲ್ಕು ನಾಝಲ್ಲಿನಲ್ಲಿ ಎರಡಾದರೂ ಕಟ್ಟಿಕೊಳ್ಳುತ್ತಿದ್ದವು. ಅವತ್ತು ನಾಲ್ಕೂ ಸರಾಗವಾಗಿ ಓಡಿದವು. ಮನೆಗೆ ಬಂದು ಕೈಪಿಡಿ ತೆರೆದು ನೋಡಿದೆ. ‘ನೀರನ್ನು ಕಡ್ಡಾಯವಾಗಿ ಸೋಸಿ ತುಂಬಬೇಕು’ ಎಂದು ದಪ್ಪ ಅಕ್ಷರದಲ್ಲಿತ್ತು. ಚಿಕ್ಕೋಡಿಯಿಂದ ಕಾಗವಾಡದ ತನಕ ಆ ಕೈಪಿಡಿಯನ್ನು ಪೂರ್ತಿ ಪಾಲಿಸಿದವಳು ಆ ಆಯಿ ಒಬ್ಬಳೇ, ಅದೂ ಓದದೆ.

ನಿಪ್ಪಾಣಿಯ ಮದುವೆ

ನಿಪ್ಪಾಣಿಯ ಒಬ್ಬ ಅಂಗಡಿ ಮಾಲಕರು ಫೋನ್ ಮಾಡಿ ಮನೆಗೆ ಕರೆಸಿಕೊಂಡರು. ಮಗಳ ಮದುವೆ.

“ನಿಮ್ಮ ಟಾಕ್ಯಾಗ ಅಕ್ಷತೆ ತುಂಬ್ರಿ. ಭಟ್ರು ಸಾವಧಾನ ಅನ್ನೂದಕ್ಕ ಜೋಡಿ ಮ್ಯಾಲ ಸುರೀಬೇಕು. ಬೀಗರು ಬಾಯಿ ಬಿಟ್ಟ ನೋಡ್ಬೇಕು.”

ನಾನು ಕೂತು ವಿವರಿಸಿದೆ. ಜನರ ತಲೆಯ ಮೇಲೆ ಈ ಡ್ರೋನ್ ಹಾರಿಸಬಾರದು. ಅಕ್ಕಿ ಕಾಳು ನಾಝಲ್ಲಿನಲ್ಲಿ ಹೋಗುವುದಿಲ್ಲ. ಹೋದರೂ ರೆಕ್ಕೆಯ ಗಾಳಿಗೆ ಪೆಂಡಾಲು ಮೇಲೇಳುತ್ತದೆ. ಪೆಂಡಾಲು ಏಳದಿದ್ದರೆ ಅಂತರಪಟ ಹಾರುತ್ತದೆ. ಅಂತರಪಟ ಎಂದರೆ ಗಂಡು ಹೆಣ್ಣಿನ ನಡುವೆ ಹಿಡಿಯುವ ಬಟ್ಟೆ ಎಂಬುದನ್ನೂ, ಮಗಳ ಮದುವೆ ಮಾಡುತ್ತಿರುವ ಅವರಿಗೇ, ವಿವರಿಸಿದೆ. ಎರಡು ಕಪ್ ಚಹಾ ಮುಗಿದವು. ಅವರು ಒಂದು ಸಲವೂ ಅಡ್ಡ ಬಾಯಿ ಹಾಕದೆ ಕೇಳಿದರು. ಇವರಿಗೆ ತಿಳಿಯಿತು, ನಾಳೆ ಇವರ ಹೊಲಕ್ಕಾದರೂ ಕರೆಯುತ್ತಾರೆ ಎಂದು ನನಗೆ ಸಂತೋಷವಾಯಿತು.

“ಛಲೋ ಮಾತಾಡ್ತೀರಿ,” ಎಂದರು. “ಎಲ್ಲೂ ನಿಂದ್ರಂಗಿಲ್ಲ. ರಿಸೆಪ್ಶನ್ನಿಗೆ ಮೈಕ್ ಹಿಡದ ನಿರೂಪಣೆ ಮಾಡಾಂವ ಇನ್ನೂ ಸಿಕ್ಕಿಲ್ಲ. ಡ್ರೋನ್ ಮನ್ಯಾಗ ಬಿಟ್ಟ ನೀವೊಬ್ರ ಬರ್ರಿ.”

ಗಡಿಯಾಚೆಯ ಎರಡು ಸಾಲು

ಇದು ಚಿಕ್ಕದು. ಕಾಗವಾಡದ ಹತ್ತಿರ ಒಂದು ಕಬ್ಬಿನ ಹೊಲ. ಹೊಲದ ಬದು ಮುಗಿದರೆ ಕರ್ನಾಟಕ ಮುಗಿಯಿತು, ಆಚೆ ಮಹಾರಾಷ್ಟ್ರ. ಹೊಡೆಯುತ್ತಿರುವಾಗ ಗಾಳಿ ಎದ್ದು ಸ್ವಲ್ಪ ಔಷಧ ಬದು ದಾಟಿ ಆಚೆ ಹೋಯಿತು. ಆಚೆಯ ಹೊಲದವನು ದಬದಬ ನಡೆದು ಬಂದ. ನಾನು ಡ್ರೋನ್ ಇಳಿಸಿ, ಗಾಳಿಯ ವೇಗದ ಬಗ್ಗೆ, ಹನಿ ಹಾರುವ ಬಗ್ಗೆ, ಎರಡೂ ರಾಜ್ಯಕ್ಕೆ ನಿಯಮ ಒಂದೇ ಎಂಬ ಬಗ್ಗೆ ಮನಸ್ಸಿನಲ್ಲೇ ಮರಾಠಿಯಲ್ಲಿ ಕ್ಷಮೆ ಜೋಡಿಸಿಕೊಂಡು ನಿಂತೆ.

ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು, “ಫಕ್ತ ದೋನಚ?” ಎಂದ. ಬರೀ ಎರಡೇನಾ ಎಂದು ಅರ್ಥ. ಆಮೇಲೆ ಕನ್ನಡದಲ್ಲೇ ಬಿಡಿಸಿ ಹೇಳಿದ: “ಎರಡ ಸಾಲ ಅಷ್ಟ ತೋಯ್ದಾವ್ರಿ. ಮುಂದಿನ ಸಲ ಗಾಳಿ ಇನ್ನೊಂದೀಟ ಜೋರ ಇದ್ದಾಗ ಬರ್ರಿ.”

ಕಬ್ಬಿನೊಳಗೆ ಯಾರಾದರೂ ಇದ್ದೀರಾ?

ಹೀಗೆ ಅಥಣಿ, ನಿಪ್ಪಾಣಿ ಸುತ್ತಿದ್ದಾಯಿತು. ನಮ್ಮೂರಿನವರು ಮಾತ್ರ ಕರೆಯಲಿಲ್ಲ. ನಾನು ಕಟ್ಟೆಯ ಕಡೆ ಬಂದರೆ, “ಎದ್ದೇಳ್ರೋ, ಹಸರ ವಲಯ ಬಂತು” ಎಂದು ಜನ ಎದ್ದು ಹೋಗುತ್ತಿದ್ದರು. ಹಂಗಾಮು ಮುಗಿಯಲು ವಾರ ಉಳಿದಿತ್ತು. ಸ್ಟೂಲಿನ ಮೇಲೆ ಮಾಮಾ ಹೊಸ ದಿಂಬು ಹಾಕಿಸಿದ್ದಾನೆ ಎಂದು ಅವ್ವ ಖುಷಿಯಿಂದ ಹೇಳಿದಳು.

ಕೊನೆಗೆ ಪಕ್ಕದ ಹೊಲದ ಕಾಕಾನ ಕೈ ಹಿಡಿದು ಬೇಡಿಕೊಂಡೆ. ಅಪ್ಪನ ಲೆಕ್ಕದಲ್ಲಿ ಇದು ನಡೆಯುವುದಿಲ್ಲ ಎಂದು ಗೊತ್ತಿತ್ತು. ಆದರೆ ಒಬ್ಬರ ಬೆಳೆ ಕಂಡು ಇನ್ನೊಬ್ಬರು ಕರೆಯಬಹುದಲ್ಲ? ಕಾಕಾ, “ಹೊಡದ ಹೋಗು, ನನ್ನ ಕೂಡ ಮಾತಾಡಬ್ಯಾಡ ಅಷ್ಟ” ಎಂದ. ಅಪ್ಪನಿಗೆ ಹೇಳಲಿಲ್ಲ. ಹೊಡೆಯುವ ದಿನ, ಅಂದರೆ ನಿನ್ನೆ, ಮಧ್ಯಾಹ್ನ ಅಪ್ಪನೂ ಸೊಸೈಟಿಯ ಮೀಟಿಂಗ್ ಇದೆ ಎಂದು ಟೋಪಿ ಹಾಕಿಕೊಂಡು ಹೋಗಿದ್ದ.

ಹೊಡೆಯುವ ಮುಂಚೆ ಹೊಲದಲ್ಲಿ ಯಾರೂ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಇದು ನಿಯಮ. ಹಿಂದಿನ ದಿನವೇ ಪಂಚಾಯಿತಿಯ ಬೋರ್ಡಿಗೆ ನೋಟಿಸ್ ಹಚ್ಚಿದ್ದೆ. ಬದುವಿನ ಮೇಲೆ ನಿಂತು ಮೂರು ಸಲ ಒದರಿದೆ: “ಕಬ್ಬಿನ್ಯಾಗ ಯಾರರೆ ಅದೀರೇನ್ರಿ?”

ಉತ್ತರ ಬರಲಿಲ್ಲ. ಡ್ರೋನ್ ಏರಿಸಿದೆ.

ಕಬ್ಬು ಎರಡಾಳು ಎತ್ತರ. ಡ್ರೋನಿನ ಕ್ಯಾಮೆರಾ ದಾರಿ ನೋಡಲಿಕ್ಕೆ ಮಾತ್ರ, ಚಿತ್ರ ಮಬ್ಬು. ಹೊಲದ ನಡುವೆ ಬಂದಾಗ ನಾಲ್ಕೈದು ಬಿಳಿ ಚುಕ್ಕೆ ಕಂಡವು. ಕೊಕ್ಕರೆ ಎಂದುಕೊಂಡೆ, ತಾವೇ ಹಾರಿಹೋಗುತ್ತವೆ ಎಂದು ಮುಂದುವರಿದೆ. ಚುಕ್ಕೆಗಳು ಹಾರಲಿಲ್ಲ, ಓಡಿದವು. ಡ್ರೋನೂ ಅದೇ ಸಾಲಿನಲ್ಲಿತ್ತು. ತಡಬಡಿಸಿ ಇಳಿಸುವಷ್ಟರಲ್ಲಿ ಕಬ್ಬಿನ ಸಾಲು ಸೀಳಿಕೊಂಡು ಬಿಳಿ ಟೋಪಿಯ ಐದು ಜನ ಹೊರಗೆ ಬಂದರು. ಕಬ್ಬಿನ ನಡುವೆ ಮಂಚದಷ್ಟು ಜಾಗ ಸವರಿ, ಗೋಣಿಚೀಲ ಹಾಸಿ ಇಸ್ಪೀಟು ಆಡುತ್ತಿದ್ದವರು. ನಾನು ಒದರಿದ್ದು ಎಲ್ಲರಿಗೂ ಕೇಳಿಸಿತ್ತು. ಕದ್ದು ಆಡುವವರು ‘ಅದೀವ್ರಿ’ ಎಂದು ಯಾಕೆ ಉತ್ತರ ಕೊಡುತ್ತಾರೆ?

ಎಲ್ಲರಿಗಿಂತ ಮುಂದೆ, ತಲೆಯಿಂದ ಕಾಲಿನ ತನಕ ತೊಯ್ದು, ಕೈಯಲ್ಲಿ ಇಸ್ಪೀಟಿನ ಎಲೆಗಳನ್ನು ಬೀಸಣಿಗೆಯ ಹಾಗೆ ಹಿಡಿದುಕೊಂಡೇ ಬಂದವನು ನಮ್ಮಪ್ಪ.

ಹೆದರಬೇಡಿ, ನಿನ್ನೆ ಟಾಕಿಯಲ್ಲಿದ್ದದ್ದು ವಿಷವಲ್ಲ. ಕಬ್ಬಿಗೆ ಗೊಬ್ಬರದ ಹಾಗೆ ಹೊಡೆಯುವ ಜಿಂಕು, ಅಂದರೆ ಸತು, ಮತ್ತು ಕಬ್ಬಿಣದ ನೀರು. ನಾನು ಓಡಿಹೋಗಿ ಅದನ್ನೇ ವಿವರಿಸತೊಡಗಿದೆ. ಅಪ್ಪ ಕೈ ಅಡ್ಡ ಹಿಡಿದು ನಿಲ್ಲಿಸಿದ. ಮನೆಗೆ ನಡೆದು, ತಲೆಯ ಮೇಲೆ ನೀರು ಸುರಿದುಕೊಂಡು, ಉಂಡು ಮಲಗಿದ. ಸ್ಟೂಲು ಗ್ಯಾರಂಟಿ ಎಂದು ನಾನೂ ಮಲಗಿದೆ.

ಇವತ್ತು ಬೆಳಿಗ್ಗೆ ಅಪ್ಪ ಎದ್ದವನೇ ನಿನ್ನೆಯ ಅಂಗಿ ಹೊರಗೆ ತಂದು ಹಗ್ಗದ ಮೇಲೆ ಹರವಿದ. ಮುಂದೆ ನೋಡಿದ. ತಿರುವಿ ಹಿಂದೆ ನೋಡಿದ. ತೋಳು ಎತ್ತಿ ಬಗಲು ನೋಡಿದ. ಅಂಗಿಯ ತುಂಬ ಸಾಸಿವೆಯಷ್ಟು ಸಣ್ಣ ಕಂದು ಚುಕ್ಕೆ.

“ಬೆನ್ನಿನ ಪಂಪಿನ್ಯಾಗ ಹೊಡದ್ರ ಒಂದ ಕಡೆ ಸುರೀತೈತಿ, ಒಂದ ಕಡೆ ಒಣಾ ಉಳೀತೈತಿ,” ಎಂದ. “ಇದು ಬಗಲ ಸೈತ ಬಿಟ್ಟಿಲ್ಲಲೇ. ಅದೂ ನಾ ಓಡಾಕತ್ತಾಗ. ಕಬ್ಬಂತೂ ನಿಂತಲ್ಲೇ ನಿಂತಿರ್ತೈತಿ. ಇವತ್ತ ನಮ್ಮ ಹೊಲಕ್ಕ ಹೊಡದಬಿಡು.”

“ಮತ್ತ ಊರಾವ್ರು ಯಾರರೆ ತಾವಾಗಿ ಕರೀಬೇಕಂತ...”

“ನಾ ಏನ್ ಮಹಾರಾಷ್ಟ್ರದಾಂವೇನು? ನಾನೂ ಇದ ಊರಾಂವ. ನಾ ಕರದೀನಿ. ಹಾರೂಗೇರಿಗೆ ಫೋನ್ ಹಚ್ಚಿ ಆ ಸ್ಟೂಲ ಎತ್ತಿ ಇಡು ಅಂತ ಹೇಳು.”

ಬ್ಯಾಟರಿ ಚಾರ್ಜಿಗೆ ಇಟ್ಟು, ಅದು ತುಂಬುವಷ್ಟರಲ್ಲಿ ಇದನ್ನು ಬರೆದು ಮುಗಿಸೋಣ ಎಂದು ಕೂತಿದ್ದೇನೆ. ಅಪ್ಪನ ಅಂಗಿಯ ಮೇಲೆ ಚುಕ್ಕೆ ಅಷ್ಟು ಸಮನಾಗಿ ಬೀಳಲು ಕಾರಣವೇನು ಎಂಬುದನ್ನು ಓದುಗರಿಗೆ ಸರಿಯಾಗಿ ತಿಳಿಸಬೇಕು. ಅದು ಹನಿಯ ಗಾತ್ರದ ಪ್ರಶ್ನೆ. ಹನಿ ದೊಡ್ಡದಾದರೆ ಎಲೆಯಿಂದ ಜಾರುತ್ತದೆ, ತೀರ ಸಣ್ಣದಾದರೆ ಗಾಳಿಗೆ ಹಾರಿ ಕಾಗವಾಡದಲ್ಲಾದ ಹಾಗೆ ಆಗುತ್ತದೆ. ಆದ್ದರಿಂದ ರೆಕ್ಕೆಯ ಗಾಳಿ ಹನಿಯನ್ನು ಮೊದಲು ಕೆಳಕ್ಕೆ ಒತ್ತಿ, ಆಮೇಲೆ ಎಲೆಯ ಅಡಿಗೆ...

ಅಪ್ಪ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾನೆ. “ಲೇ, ಬರಿಯೂದ ಸಾಕ, ಗಾಳಿ ಏಳೂದ್ರಾಗ ನಡಿ. ಮತ್ತ ಕೇಳು, ಮೂರ ಸಲ ಒದರಿದ ಮ್ಯಾಲ ಹತ್ತ ಮಿನಿಟ್ ತಡಿ. ಇವತ್ತ ಇಸ್ಪೀಟಿನಾವ್ರು ನಮ್ಮ ಕಬ್ಬಿನ್ಯಾಗ ಕುಂತಾರ. ಕೈಯಾಗಿನ ಆಟ ಮುಗಸಾಕ ಟೈಮ್ ಬೇಕಲ್ಲ.”

ಎಲೆಯ ಅಡಿಗೆ ಹನಿ ಹೇಗೆ ಹೋಗುತ್ತದೆ ಎಂದರೆ, ರೆಕ್ಕೆ ತಿರುಗುವಾಗ